‘ದಂಗಲ್’ ನೋಡಿ ಮಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ಓಡಿಸಬಹುದಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಭತ್ತದ ಒಕ್ಕಲುತನ. ಮಗಳಿಗೆ 13 ವರ್ಷ. ಹೋದ ವರ್ಷ ಶಾಲೆಯ ಕ್ರೀಡಾಕೂಟದಲ್ಲಿ 400 ಮೀಟರ್ ಓಟದಲ್ಲಿ ತಾಲೂಕಿಗೆ ಮೊದಲು ಬಂದಳು. ಈ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕೂತು ‘ದಂಗಲ್’, ‘ಭಾಗ್ ಮಿಲ್ಖಾ ಭಾಗ್’ ನೋಡಿದೆವು. ಅವತ್ತಿನಿಂದ ನಮ್ಮ ಯಜಮಾನರು ಅವಳನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಮತ್ತೊಮ್ಮೆ ಕಾಲುವೆ ದಂಡೆ ಮೇಲೆ ಓಡಿಸುತ್ತಿದ್ದಾರೆ. ಬಿಸಿಲಲ್ಲಿ ಬೆಂದರೇನೇ ಗಟ್ಟಿಯಾಗೋದು ಅಂತಾರೆ. ಶೂ ಬೇಡ, ಬರಿಗಾಲಲ್ಲೇ ಓಡು ಅಂತಾರೆ. ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜವಾ? ಅದನ್ನು ನೋಡಿ ಮಕ್ಕಳನ್ನು ತಯಾರು ಮಾಡಬಹುದಾ?

ಉತ್ತರ: ತಂಗಿ, ಮೊದಲು ಮಧ್ಯಾಹ್ನದ ಓಟ ನಿಲ್ಲಿಸಿ. ಈ ಉತ್ತರ ಪೂರ್ತಿ ಓದುವ ತನಕವೂ ಕಾಯಬೇಡಿ. ಉಳಿದಿದ್ದನ್ನು ಆಮೇಲೆ ಮಾತಾಡೋಣ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಬಳ್ಳಾರಿ, ಕೊಪ್ಪಳ ಕಡೆಯ ಶಾಲೆಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಹೆಚ್ಚಾಗಿ ತಯಾರು ಮಾಡಿದ್ದು ಓಟದ ಮಕ್ಕಳನ್ನು. ಒಂದು ದೊಡ್ಡ ಸಿನಿಮಾ ಬಂದಾಗ, ಒಂದು ಒಲಿಂಪಿಕ್ಸ್ ಮುಗಿದಾಗ ಮೈದಾನಕ್ಕೆ ಹೊಸ ಮಕ್ಕಳು ಬರುತ್ತಾರೆ. ನನಗೆ ಅದು ಬಹಳ ಖುಷಿಯ ದಿನ. ‘ದಂಗಲ್’ ಬಂದ ಮೇಲೆ ಹೆಣ್ಣುಮಕ್ಕಳ ಅಪ್ಪಂದಿರು ತಾವಾಗೇ ಬಂದು, "ನಮ್ಮ ಹುಡುಗಿಗೂ ಕಲಿಸ್ರಿ ಮಾಸ್ತರ್ರ" ಅಂದಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅದಕ್ಕೂ ಮೊದಲು ಚಡ್ಡಿ ಹಾಕಿ ಓಡಬೇಕು ಅಂದರೆ ಸಾಕು, ಎಷ್ಟೋ ಮನೆಯವರು ಹುಡುಗಿಯರನ್ನು ಕಳಿಸುತ್ತಿರಲಿಲ್ಲ. ಹಾಗಾಗಿ ಆ ಸಿನಿಮಾದ ಋಣ ನನ್ನ ಮೇಲಿದೆ. ನಿಮ್ಮ ಯಜಮಾನರ ಮೇಲೂ ನನಗೆ ಸಿಟ್ಟಿಲ್ಲ. ಮಗಳ ಜೊತೆ ಬೆಳಿಗ್ಗೆ ಎದ್ದು ಹೋಗುವ ಅಪ್ಪ ಸಿಗೋದು ಅಪರೂಪ.

ಆದರೆ ಬಿಸಿಲಿನ ವಿಷಯದಲ್ಲಿ ನನ್ನ ಕೈಯಲ್ಲೇ ಒಂದು ತಪ್ಪು ಆಗಿದೆ. ಕೆಲಸಕ್ಕೆ ಸೇರಿದ ಹೊಸದು. ಏಪ್ರಿಲ್ ತಿಂಗಳ ಒಂದು ಶಿಬಿರ. ಬೆಳಿಗ್ಗೆ ತಿಂಡಿ ಬರೋದು ತಡವಾಯಿತು, ಮಕ್ಕಳನ್ನು ಮೈದಾನಕ್ಕೆ ಇಳಿಸಿದಾಗ ಹತ್ತು ಗಂಟೆ ದಾಟಿತ್ತು. ನಾಲ್ಕನೇ ಸುತ್ತಿಗೆ ಒಬ್ಬ ಹುಡುಗ ಅಡ್ಡಾದಿಡ್ಡಿ ಹೆಜ್ಜೆ ಹಾಕಿದ. ಹೆಸರು ಕೇಳಿದರೆ ಏನೇನೋ ಹೇಳಿದ. ಆಮೇಲೆ ಬಿದ್ದ. ನಾನು ಸುಸ್ತು ಅಂದುಕೊಂಡು ನೆರಳಲ್ಲಿ ಮಲಗಿಸಿ ಗಾಳಿ ಬೀಸುತ್ತಾ ನಿಂತೆ. ಶಾಲೆಯ ಅಡುಗೆಯಮ್ಮ ಬಂದು ಎರಡು ಕೊಡ ನೀರು ಮೈಮೇಲೆ ಸುರಿದರು. ಆ ಹುಡುಗ ಉಳಿದದ್ದು ಅವರಿಂದ. ಅವತ್ತಿನಿಂದ ಏಪ್ರಿಲ್, ಮೇ ತಿಂಗಳಲ್ಲಿ ಏಳೂವರೆ ನಂತರ ನನ್ನ ಯಾವ ಹುಡುಗನೂ, ಹುಡುಗಿಯೂ ಓಡಿಲ್ಲ.

ಈಗ ಸಿನಿಮಾಕ್ಕೆ ಬರೋಣ.

‘ದಂಗಲ್’ನ ಬೇರು ನಿಜ. ಹರಿಯಾಣದ ಬಲಾಲಿ ಎಂಬ ಹಳ್ಳಿ, ಮಹಾವೀರ್ ಸಿಂಗ್ ಫೋಗಟ್ ಎಂಬ ಅಪ್ಪ, ಕುಸ್ತಿ ಆಡಿದ ಹೆಣ್ಣುಮಕ್ಕಳು, ಇಷ್ಟೂ ನಿಜ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೀತಾ ಫೋಗಟ್ 55 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದದ್ದೂ ನಿಜ. ಆದರೆ ಫೈನಲ್ ನೆನಪಿದೆ ಅಲ್ವಾ? ಕೊನೆಯ ಸೆಕೆಂಡುಗಳಲ್ಲಿ ಎದುರಾಳಿಯನ್ನು ಎತ್ತಿ ಹಾಕಿ ಐದು ಅಂಕ ತೆಗೆದು ಗೆಲ್ಲುತ್ತಾಳೆ. ಅಪ್ಪನನ್ನು ಒಂದು ಕೋಣೆಯಲ್ಲಿ ಕೂಡಿಹಾಕಿರುತ್ತಾರೆ. ಕೋಚ್ ಮತ್ಸರದ ಮನುಷ್ಯ. ಈ ಮೂರೂ ಕಥೆಗಾಗಿ ಕಟ್ಟಿದ್ದು. ನಿಜವಾದ ಫೈನಲ್‌ನಲ್ಲಿ ಗೀತಾ ಆಸ್ಟ್ರೇಲಿಯಾದ ಹುಡುಗಿಯನ್ನು ಮೊದಲ ಸುತ್ತಿನಲ್ಲಿ 1-0, ಎರಡನೇ ಸುತ್ತಿನಲ್ಲಿ 7-0 ಅಂತರದಿಂದ ಸೋಲಿಸಿದರು. ಎದುರಾಳಿಗೆ ಒಂದು ಅಂಕವೂ ಸಿಗಲಿಲ್ಲ. ಅಪ್ಪನನ್ನು ಯಾರೂ ಕೂಡಿಹಾಕಿರಲಿಲ್ಲ.

ಸಿನಿಮಾದವರು ಹೀಗೆ ಯಾಕೆ ಮಾಡುತ್ತಾರೆ? 7-0 ಅಂದರೆ ಆಟಗಾರ್ತಿಗೆ ಹೆಮ್ಮೆ. ನೋಡುವವರಿಗೆ ಎದೆ ಢವಢವ ಅನ್ನೋದಿಲ್ಲ. ಅಪ್ಪ ಮಗಳ ಕಥೆ ಹೇಳಲು ಹೊರಟವರಿಗೆ ಮಗಳು ಕೊನೆಗೆ ಒಬ್ಬಳೇ ನಿಂತು ಗೆಲ್ಲಬೇಕು, ಅದಕ್ಕೆ ಅಪ್ಪ ಅಲ್ಲಿ ಇರಬಾರದು. ಇದನ್ನು ನಾನು ಮೋಸ ಅನ್ನೋದಿಲ್ಲ. ಕಥೆ ಕಟ್ಟುವವರ ಕೆಲಸ ಅದು. ನನಗೆ ನೋವಾಗೋದು ಕೋಚ್ ವಿಷಯದಲ್ಲಿ. ಆಗ ತಂಡಕ್ಕೆ ಕಲಿಸಿದ ನಿಜವಾದ ಕೋಚ್, ಸಿನಿಮಾದ ಈ ಪಾತ್ರದಿಂದ ಬೇಸರವಾಗಿದೆ ಎಂದು ಹೇಳಿಕೊಂಡಿದ್ದರು. ಅಪ್ಪನಿಗೇ ಎಲ್ಲ ಗೊತ್ತು, ಕೋಚ್ ಅಂದರೆ ಅಡ್ಡಗಾಲು ಅನ್ನುವ ಭಾವನೆ ಹಳ್ಳಿ ಮನೆಗಳಲ್ಲಿ ಕೂತುಬಿಟ್ಟರೆ ಕಷ್ಟ ಆಗೋದು ಮಕ್ಕಳಿಗೆ.

ಅಂಥ ಎದೆ ಢವಢವ ಬೇಕಾದರೆ ನಿಜದಲ್ಲೂ ಸಿಗುತ್ತದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕದ ಕುಸ್ತಿಯಲ್ಲಿ ಮೊದಲು 0-5ರಿಂದ ಹಿಂದಿದ್ದರು. ಕೊನೆಯ ಕ್ಷಣಗಳಲ್ಲಿ ಪಟ್ಟು ಹಾಕಿ 8-5ಕ್ಕೆ ಗೆದ್ದರು. ಒಲಿಂಪಿಕ್ಸ್ ಕುಸ್ತಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಬಂದ ಮೊದಲ ಪದಕ ಅದು. ಅವರಿಗಾಗ 23 ವರ್ಷ. ಕುಸ್ತಿ ಶುರು ಮಾಡಿದ್ದು 12ನೇ ವಯಸ್ಸಿಗೆ. ಈ ಹನ್ನೊಂದು ವರ್ಷದ ಲೆಕ್ಕವನ್ನು ಯಜಮಾನರಿಗೆ ಹೇಳಿ. ಸಿನಿಮಾದಲ್ಲಿ ಒಂದು ಹಾಡು ಶುರುವಾಗುವಾಗ ಹುಡುಗಿ ಚಿಕ್ಕವಳು, ಹಾಡು ಮುಗಿಯುವಾಗ ಪೈಲ್ವಾನಳು. ನಮ್ಮ ಕನ್ನಡದ ‘ಪೈಲ್ವಾನ್’ನಲ್ಲಿ ನಾಯಕ ಮಟ್ಟಿಯ ಕುಸ್ತಿಯಿಂದ ಬಾಕ್ಸಿಂಗ್ ರಿಂಗಿಗೆ ಹೋಗುತ್ತಾನೆ, ನೋಡಲು ಚೆನ್ನಾಗಿದೆ. ನಿಜದಲ್ಲಿ ಅಂಥ ಬದಲಾವಣೆಗೆ ಕಾಲು, ಭುಜ, ಕಣ್ಣು ಎಲ್ಲವೂ ಹೊಸದಾಗಿ ಕಲಿಯಬೇಕು, ವರ್ಷಗಳೇ ಬೇಕು. ಸಿನಿಮಾ ಮೂರು ತಾಸಿನಲ್ಲಿ ಮುಗಿಯಬೇಕಲ್ಲ, ಹಾಗಾಗಿ ಮೊದಲು ಕತ್ತರಿ ಬೀಳೋದು ಕಾಲದ ಮೇಲೆ. ಮನೆಯಲ್ಲಿ ನೋಡಿದವರು ಅದನ್ನೇ ಬೇಸಿಗೆ ರಜೆಯ ಐವತ್ತು ದಿನದಲ್ಲಿ ಮಾಡಲು ಹೊರಟರೆ ಮಗುವಿನ ಮೊಣಕಾಲು ಕೇಳೋದಿಲ್ಲ.

ಮಿಲ್ಖಾ ಸಿಂಗ್ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಿಮ್ಮ ಮಗಳದೂ ಅದೇ 400 ಮೀಟರ್. 1960ರ ರೋಮ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರು ನಾಲ್ಕನೆಯವರಾದರು. ಸಿನಿಮಾದಲ್ಲಿ ಅವರು ತಿರುಗಿ ನೋಡುತ್ತಾರೆ. ದೇಶ ವಿಭಜನೆಯ ಹೊತ್ತಿನ ಆ ಭಯಂಕರ ನೆನಪು ಬೆನ್ನಟ್ಟುತ್ತದೆ. ಅದಕ್ಕೇ ಪದಕ ತಪ್ಪಿತು ಅನ್ನಿಸುತ್ತದೆ. ಆ ನೋವು ಅವರಿಗೆ ನಿಜವಾಗಿಯೂ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. 250 ಮೀಟರ್ ಹತ್ತಿರ ವೇಗ ತಗ್ಗಿಸಿ ತಪ್ಪು ಮಾಡಿದೆ ಎಂದು ಮಿಲ್ಖಾ ಕೂಡ ಹೇಳುತ್ತಿದ್ದರು. ಆದರೆ ಗಡಿಯಾರ ನೋಡಿ. ಮೊದಲ ಇಬ್ಬರ ಕಾಲ 44.9 ಸೆಕೆಂಡ್. ಇಬ್ಬರೂ ಹಳೆಯ ವಿಶ್ವದಾಖಲೆ ಮುರಿದರು. ಮೂರನೆಯವನದು 45.5. ಮಿಲ್ಖಾ ಅವರದು 45.6. ರೋಮ್ ಕೂಟ ಶುರುವಾಗುವ ಮೊದಲು ಒಲಿಂಪಿಕ್ ದಾಖಲೆ 45.9 ಆಗಿತ್ತು. ಅಂದರೆ ನಾಲ್ಕನೆಯವರಾದ ಮಿಲ್ಖಾ ಕೂಡ ಅದಕ್ಕಿಂತ ವೇಗವಾಗಿ ಓಡಿದ್ದರು. ಅವತ್ತು ಪಕ್ಕದವರು ಜಗತ್ತು ಕಾಣದ ವೇಗದಲ್ಲಿ ಓಡಿದರು, ಅದೂ ಒಂದು ದೊಡ್ಡ ಕಾರಣ. ಸಿನಿಮಾಕ್ಕೆ ಆ ಓಟಗಾರರ ಕಥೆ ಬೇಕಿರಲಿಲ್ಲ, ಹಾಗಾಗಿ ಸೋಲಿನ ಭಾರವೆಲ್ಲ ಮಿಲ್ಖಾ ಅವರ ಒಂದು ನೋಟದ ಮೇಲೆ ಬಿತ್ತು. ನಿಮ್ಮ ಮಗಳು ನಾಳೆ ಜಿಲ್ಲೆಯಲ್ಲಿ ನಾಲ್ಕನೆಯವಳಾಗಿ ಬಂದರೆ, "ಎಲ್ಲಿ ತಪ್ಪಿದೆ?" ಎಂದು ಕೇಳುವ ಮೊದಲು ಅವಳ ಸಮಯ ಕೇಳಿ. ಹೋದ ಸಲಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಹೋಳಿಗೆ ಮಾಡಿ.

ಇನ್ನೊಂದು ಸಂಗತಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಸಿನಿಮಾ ಅದಕ್ಕೆ ಒಂದು ಪ್ರೇಮದ ಕಾರಣ ಕೊಡುತ್ತದೆ. ನನಗೆ ಮುಖ್ಯ ಅನ್ನಿಸೋದು ಸೋತ ಮೇಲೆ ಅವರು ಮಾಡಿದ ಕೆಲಸ. ಅಲ್ಲಿ 400 ಮೀಟರ್ ಗೆದ್ದ ಅಮೆರಿಕದ ಚಾರ್ಲ್ಸ್ ಜೆಂಕಿನ್ಸ್ ಹತ್ತಿರ ಹೋಗಿ, ನೀವು ದಿನಾ ಏನು ಅಭ್ಯಾಸ ಮಾಡುತ್ತೀರಿ ಎಂದು ಕೇಳಿ ತಿಳಿದುಕೊಂಡರು. ಎರಡೇ ವರ್ಷಕ್ಕೆ, 1958ರಲ್ಲಿ ಏಷ್ಯನ್ ಕ್ರೀಡಾಕೂಟದಲ್ಲೂ ಕಾಮನ್‌ವೆಲ್ತ್‌ನಲ್ಲೂ ಚಿನ್ನ ಬಂತು. ಬೆವರು ಸುರಿಸುವುದು ಸೈನ್ಯದಲ್ಲಿದ್ದ ಅವರಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿಲ್ಲದ್ದು ಎಷ್ಟು ಓಡಬೇಕು, ಯಾವಾಗ ನಿಲ್ಲಬೇಕು ಅನ್ನೋದು. ಅದನ್ನು ಕೇಳಲು ಅವರು ನಾಚಲಿಲ್ಲ.

ಬರಿಗಾಲಿನ ಮಾತು ಎಲ್ಲಿಂದ ಬಂತು ಅನ್ನೋದೂ ನನಗೆ ಗೊತ್ತು. ಅದೇ 1960ರ ರೋಮ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು. ಆ ಚಿತ್ರ ಎಲ್ಲ ಕಡೆ ಓಡಾಡುತ್ತದೆ. ಆದರೆ ಅಲ್ಲಿ ಕೊಟ್ಟ ಶೂ ಅವರ ಕಾಲಿಗೆ ಸರಿಹೊಂದಲಿಲ್ಲ, ಬರಿಗಾಲ ಅಭ್ಯಾಸವೂ ಇತ್ತು, ಅದಕ್ಕೇ ಹಾಗೆ ಓಡಿದ್ದು. ಓಟ ಶುರುವಾದದ್ದು ಸಂಜೆ, ಮುಗಿದದ್ದು ಕತ್ತಲಾದ ಮೇಲೆ. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಮತ್ತೆ ಗೆದ್ದರು, ಅದೂ ಮೂರು ನಿಮಿಷ ಬೇಗ. ಮೇ ತಿಂಗಳ ಮೂರು ಗಂಟೆಗೆ ನಮ್ಮ ಕಡೆ ನೆಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಅಂಗಳಕ್ಕೆ ಚಪ್ಪಲಿ ಇಲ್ಲದೆ ಕಾಲಿಡಲು ಆಗೋದಿಲ್ಲ.

ಹೆಸರಿನಿಂದಲೇ ಇನ್ನೊಂದು ಗೊಂದಲ ಆಗುತ್ತದೆ. ಬೇಸಿಗೆ ಒಲಿಂಪಿಕ್ಸ್ ಅನ್ನುತ್ತೇವೆ. ಆ ಬೇಸಿಗೆ ನಮ್ಮದಲ್ಲ. ಹೆಚ್ಚಾಗಿ ಅದು ನಡೆಯೋದು ಜುಲೈ, ಆಗಸ್ಟ್‌ನಲ್ಲಿ, ನಮ್ಮಲ್ಲಿ ಮಳೆಗಾಲ. ಅಲ್ಲಿ ಕೂಡ ಬಿಸಿಲು ಜಾಸ್ತಿ ಆದರೆ ಓಟವನ್ನೇ ಬೇರೆ ಕಡೆ ಒಯ್ಯುತ್ತಾರೆ. ಟೋಕಿಯೋ ಒಲಿಂಪಿಕ್ಸ್ ಮ್ಯಾರಥಾನನ್ನು ಸೆಕೆಗೆ ಹೆದರಿ 800 ಕಿಲೋಮೀಟರ್ ಉತ್ತರದ ಸಪೋರೋ ನಗರಕ್ಕೆ ಸಾಗಿಸಿದರು. ಹೆಂಗಸರ ಓಟವನ್ನು ಬೆಳಿಗ್ಗೆ ಆರಕ್ಕೇ ಶುರು ಮಾಡಿದರು. 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು ನಡುರಾತ್ರಿಗೆ. ಆದರೂ ಹೊರಟ 68 ಮಂದಿಯಲ್ಲಿ 28 ಮಂದಿ ಅರ್ಧಕ್ಕೇ ನಿಂತರು. ಜಗತ್ತಿನ ಗಟ್ಟಿಗಿತ್ತಿಯರು ಅವರು.

ಟಿವಿ ಮಾತ್ರ ಬಸವಳಿದವರನ್ನೇ ಹೆಚ್ಚು ತೋರಿಸುತ್ತದೆ. 1984ರ ಲಾಸ್ ಏಂಜಲೀಸ್‌ನಲ್ಲಿ, ಒಲಿಂಪಿಕ್ಸ್‌ನ ಮೊಟ್ಟಮೊದಲ ಹೆಂಗಸರ ಮ್ಯಾರಥಾನ್‌ನಲ್ಲಿ, ಸ್ವಿಟ್ಜರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್ ಷೀಸ್ ಕೊನೆಯ ಸುತ್ತನ್ನು ತೂರಾಡುತ್ತಾ ಮುಗಿಸಿದರು. ಆ ಒಂದೇ ಸುತ್ತಿಗೆ ಐದು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು. ಇವತ್ತಿಗೂ ಆ ದೃಶ್ಯವನ್ನು ಛಲದ ಹಾಡು ಹಾಕಿ ತೋರಿಸುತ್ತಾರೆ. ಅದರಲ್ಲಿ ಪಕ್ಕದಲ್ಲೇ ನಡೆಯುತ್ತಿದ್ದ ವೈದ್ಯರನ್ನು ಯಾರೂ ಗಮನಿಸೋದಿಲ್ಲ. ಅವರು ಪ್ರತಿ ಹೆಜ್ಜೆ ನೋಡುತ್ತಿದ್ದರು. ಗೆರೆ ದಾಟಿದ ಕೂಡಲೇ ಹಿಡಿದುಕೊಂಡರು. ನಿಮ್ಮ ಕಾಲುವೆ ದಂಡೆ ಮೇಲೆ ಯಾರಿದ್ದಾರೆ ತಂಗಿ?

ಬಿಸಿಲಲ್ಲಿ ಮೈಗೆ ಏನಾಗುತ್ತದೆ ಅಂತ ಸುಲಭವಾಗಿ ಹೇಳುತ್ತೇನೆ. ಓಡುವಾಗ ಸ್ನಾಯುಗಳಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿ ಚರ್ಮದ ಮೂಲಕ ಹೊರಗೆ ಹೋಗಬೇಕು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಆಗ ಗಾಳಿಯೇ ಚರ್ಮಕ್ಕಿಂತ ಬಿಸಿ. ಹೊರಗೆ ಹೋಗುವ ಬದಲು ಬಿಸಿ ಒಳಗೇ ಬರುತ್ತದೆ. ಉಳಿಯೋ ದಾರಿ ಬೆವರೊಂದೇ, ಮತ್ತು ಮಕ್ಕಳಿಗೆ ದೊಡ್ಡವರಷ್ಟು ಬೆವರು ಬರೋದಿಲ್ಲ. ಯಜಮಾನರ ಮಾತಿನಲ್ಲಿ ಒಂದು ಕಾಳು ಸತ್ಯ ಇದೆ. ಮೈ ಸೆಕೆಗೆ ಒಗ್ಗಿಕೊಳ್ಳುತ್ತದೆ. ಅದಕ್ಕೆ ಹತ್ತು ಹದಿನಾಲ್ಕು ದಿನ ಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು. ಬೆಳಗಿನ ಓಟದಲ್ಲೇ ಅದು ತಾನಾಗಿ ಆಗುತ್ತದೆ. ಮೂರು ಗಂಟೆಗೆ ಬೇಯಿಸಿದರೆ ಆಗೋದಿಲ್ಲ.

ಅವರು ಒಕ್ಕಲುತನದವರು, ಎತ್ತಿನ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ಬೇಸಿಗೆಯಲ್ಲಿ ಮಾಗಿ ಹೊಡೆಯುವಾಗ ಮೂರು ಗಂಟೆಗೆ ಯಾರಾದರೂ ಎತ್ತು ಕಟ್ಟುತ್ತಾರಾ? ನಸುಕಿನಲ್ಲಿ ಕಟ್ಟಿ ಬಿಸಿಲು ಏರುವಷ್ಟರಲ್ಲಿ ಕೊಳ್ಳು ಹರಿಯುತ್ತಾರೆ. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕಲ್ಲು ಎಳೆಯುವ ಜೋಡಿಗಳನ್ನು ನೋಡಿರುತ್ತೀರಿ. ಆ ಎತ್ತುಗಳಿಗೆ ತಿಂಗಳುಗಟ್ಟಲೆ ಹಿಂಡಿ, ಹುರುಳಿ ಹಾಕಿ, ಮೈ ತಿಕ್ಕಿ, ನೆರಳಲ್ಲಿ ಕಟ್ಟಿ ಸಾಕಿರುತ್ತಾರೆ. ಮಗಳಿಗೂ ಅಷ್ಟೇ ಕಾಳಜಿ ಮಾಡಲಿ.

ನಮ್ಮ ನೆಲದ ಹಳೆಯ ಸಾಕ್ಷಿಯೂ ಒಂದಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಸಾಮು ಹೇಗಿತ್ತು ಅಂತ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನು ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡಿ, ಆಮೇಲೆ ಪೈಲ್ವಾನನ ಜೊತೆ ಕುಸ್ತಿ ಹಿಡಿದು, ಕುದುರೆ ಏರಿ ಬಯಲಲ್ಲಿ ಓಡಿಸುತ್ತಿದ್ದನಂತೆ. ಇಷ್ಟೂ ಮುಗಿಯುತ್ತಿದ್ದುದು ಸೂರ್ಯ ಹುಟ್ಟುವ ಹೊತ್ತಿಗೆ. ತುಂಗಭದ್ರೆಯ ಆಚೆ ದಂಡೆಯಲ್ಲಿ ಐನೂರು ವರ್ಷದ ಹಿಂದೆಯೇ ಗೊತ್ತಿದ್ದ ಮಾತು ಇದು. ಎಣ್ಣೆ ಕುಡಿಸುವುದು ಬೇಡ, ಹೊತ್ತು ಮಾತ್ರ ಹಿಡಿದುಕೊಳ್ಳಿ.

ಹೊತ್ತು ಅಂದರೆ ಐದೂವರೆಯಿಂದ ಏಳು, ಹೆಚ್ಚೆಂದರೆ ಏಳೂವರೆ. ವಾರಕ್ಕೆ ನಾಲ್ಕು ದಿನ ಓಟ ಸಾಕು. ಅದರಲ್ಲಿ ಎರಡು ದಿನ ಮಾತ್ರ ಜೋರು ಓಟ, ಎರಡು ದಿನ ಮಾತಾಡುತ್ತಾ ಓಡುವಷ್ಟು ನಿಧಾನ. ಒಂದು ದಿನ ಹಗ್ಗದಾಟ, ಕೊಕ್ಕೊ, ಕಬಡ್ಡಿ, ಅವಳಿಗೆ ಯಾವುದು ಇಷ್ಟವೋ ಅದು. ಎರಡು ದಿನ ಪೂರ್ತಿ ರಜೆ. 13 ವರ್ಷಕ್ಕೆ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಹಿಮ್ಮಡಿ, ಮೊಣಕಾಲು ನೋವು ಅಂದರೆ ಸೋಮಾರಿತನ ಅಂತ ತಿಳಿಯಬೇಡಿ, ನಿಲ್ಲಿಸಿ. ಓಡುವ ಮೊದಲು ಒಂದು ಲೋಟ ನೀರು. ಓಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಒಂದು ಬಾಳೆಹಣ್ಣು ಅಥವಾ ಶೇಂಗಾ ಉಂಡೆ. ರೊಟ್ಟಿ, ಕಾಳುಪಲ್ಯ, ಸೊಪ್ಪು, ಹಾಲು ಹೊಟ್ಟೆ ತುಂಬ ಇರಲಿ. ಬೆಳೆಯುವ ಹುಡುಗಿ ಜಾಸ್ತಿ ಓಡಿ ಕಡಿಮೆ ಉಂಡರೆ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ಹಾಗಾದರೆ ಡಾಕ್ಟರಿಗೆ ತೋರಿಸಿ, ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಇದನ್ನು ಅವಳು ಅಪ್ಪನ ಹತ್ತಿರ ಹೇಳೋದಿಲ್ಲ, ನೀವೇ ಕೇಳಬೇಕು.

ಓಡುವಾಗ ತಲೆಸುತ್ತು, ವಾಂತಿ, ಅಡ್ಡಾದಿಡ್ಡಿ ಮಾತು ಕಂಡರೆ ತಡ ಮಾಡಬೇಡಿ. ಬೆವರು ಬರುತ್ತಿದೆಯಲ್ಲ ಅಂತ ಸುಮ್ನೆ ಕೂರಬೇಡಿ, ಓಡುವವರಿಗೆ ಬೆವರು ಬರುತ್ತಲೇ ಬಿಸಿಲು ಬಡಿಯಬಹುದು. ನೆರಳಿಗೆ ಎಳೆದು, ತಲೆಯಿಂದ ಕಾಲಿನ ತನಕ ತಣ್ಣೀರು ಸುರಿಯುತ್ತಾ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ನೀರು ಸುರಿಯುವುದು ನಿಲ್ಲಬಾರದು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.

ಯಜಮಾನರಿಗೆ ಇನ್ನೂ ಸಿನಿಮಾದಂಥ ಕಥೆಯೇ ಬೇಕು ಅಂದರೆ ತೋರಣಗಲ್ಲಿನದು ಹೇಳಿ. ಬಳ್ಳಾರಿ ಜಿಲ್ಲೆಯ ಅಲ್ಲಿ, ಉಕ್ಕಿನ ಕಾರ್ಖಾನೆ ಪಕ್ಕ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2019ರಲ್ಲಿ ನೀರಜ್ ಚೋಪ್ರಾ ಅವರ ಮೊಣಕೈಗೆ ಆಪರೇಷನ್ ಆಯಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಕೈ ಮತ್ತೆ ಸರಿಯಾಗುವ ತನಕದ ವ್ಯಾಯಾಮಗಳನ್ನು ಅವರು ಮಾಡಿದ್ದು ಇಲ್ಲಿ. ಜಾವೆಲಿನ್ ಹಿಡಿದು ಎಸೆಯುವ ಹಾಗಿಲ್ಲ. ಸಣ್ಣ ಸಣ್ಣ ಕಸರತ್ತು, ಕಾಯೋದು, ಮತ್ತೆ ಅದೇ ಕಸರತ್ತು. ಸಿನಿಮಾ ಮಾಡಿದರೆ ಈ ಭಾಗ ಒಂದು ನಿಮಿಷವೂ ಇರೋದಿಲ್ಲ. 2020ರ ಜನವರಿಯಲ್ಲಿ ಅವರು ಮತ್ತೆ ಎಸೆದು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಅವರು ಮೊದಲ ಸಲ ಮೈದಾನಕ್ಕೆ ಹೋದಾಗ ನಿಮ್ಮ ಮಗಳದೇ ವಯಸ್ಸು, ಹದಿಮೂರು. ಗೆದ್ದಾಗ ಇಪ್ಪತ್ತಮೂರು.

ಶಾಲೆ ಶುರುವಾದ ಕೂಡಲೇ ಪಿ.ಟಿ. ಮಾಸ್ತರರನ್ನೋ ಟೀಚರನ್ನೋ ಇಬ್ಬರೂ ಹೋಗಿ ಭೇಟಿಯಾಗಿ. ತಾಲೂಕು ದಾಟಿದರೆ ಜಿಲ್ಲೆ, ಆಮೇಲೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಮಕ್ಕಳನ್ನು ಆಯ್ಕೆ ಮಾಡುತ್ತಾರೆ. ಯಾವಾಗ, ಯಾವ ವಯಸ್ಸಿಗೆ ಅಂತ ರಾಯಚೂರಿನ ಇಲಾಖೆ ಕಚೇರಿಯಲ್ಲಿ ಕೇಳಿ. ಹೋಗುವಾಗ ಜನನ ಪ್ರಮಾಣಪತ್ರ, ತಾಲೂಕಿನಲ್ಲಿ ಗೆದ್ದ ಪ್ರಮಾಣಪತ್ರ ಎರಡರ ಜೆರಾಕ್ಸ್ ಇಟ್ಟುಕೊಳ್ಳಿ.

ಶೂ ಕೊಳ್ಳಲು ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಉಬ್ಬಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಿನ ಜಾಗ ಬಿಟ್ಟು ನೋಡಿ. ದುಬಾರಿ ಬ್ರ್ಯಾಂಡ್ ಬೇಕಿಲ್ಲ, ಹಿಮ್ಮಡಿ ಗಟ್ಟಿ ಇರಲಿ. ಅಪ್ಪನೂ ಒಂದು ಜೊತೆ ಕೊಳ್ಳಲಿ. ನಸುಕಿನ ನಿಧಾನದ ಓಟಕ್ಕೆ ಅವಳಿಗೆ ಜೊತೆ ಬೇಕು.